ಕರಟದಲ್ಲಿ ಐದು ಬೀಜ

ಸಿದ್ದಾಪುರದಾಚೆ, ತೋಟದ ಲೈನ್ ಮನೆಗಳ ಹಿಂದೆ
ಸದ್ದಿಲ್ಲದ ಜಾಗ ಹುಡುಕುತ್ತ ಅಲೆದೆ ಬೆಳಗೆಲ್ಲ,
ಕೈಯಲ್ಲಿ ಶಬ್ದ ಅಳೆಯುವ ಮೀಟರು.
ಪಲ್ಪರ್ ಎಂಬತ್ತು. ಜೀರುಂಡೆ ಅರವತ್ತೆರಡು.
ಅಂಗನವಾಡಿಯಲ್ಲಿ ಕುಕ್ಕರು, ಮೂವತ್ತು ಮಕ್ಕಳು:
ಅಳೆಯಲಿಲ್ಲ.
ಕೊನೆಗೆ ರೈಟರ್ ಮಾದಯ್ಯ ಗೋದಾಮಿನ ಬೀಗ ತೆಗೆದರು.
ಸೂರಿನವರೆಗೆ ಚೀಲ, ಚೀಲದೊಳಗೆ ಒಣಗಿದ ಚೆರ್ರಿ,
ನಡುವೆ ಮೂವರು ಕೂರುವಷ್ಟು ಓಣಿ.
ಮುಳ್ಳು ಮೂವತ್ತೊಂದಕ್ಕೆ ಇಳಿದು ನಿಂತಿತು.
ಮೈಸೂರಿನ ನಮ್ಮ ಗಾಜಿನ ಕೋಣೆಗೂ
ಇಷ್ಟು ಚೆನ್ನಾಗಿ ಸುಮ್ಮನಿರಲು ಬರುವುದಿಲ್ಲ.

ಬೊಳಕ. ವಯಸ್ಸು ನಾಲ್ಕು, ಇರಬಹುದು.
ಫಾರಮ್ಮಿನಲ್ಲಿ ಮನೆಮಾತಿನ ಪಟ್ಟಿ:
ಕನ್ನಡ, ಕೊಡವ, ತುಳು, ಮಲಯಾಳ, ಇತರೆ.
ಎರವರ ಮಾತು ಇತರೆಗೆ ಬಿತ್ತು.
ನಾನು ತಂದ ಬಣ್ಣದ ಮಣಿಯನ್ನು ಅವನು ಬಾಯಿಗೆ ಹಾಕಿಕೊಂಡ.
ಒಂಬತ್ತರ ಅಕ್ಕ ಚೋಮಿ, ಬೈಯುತ್ತ,
ಒಂದು ಹಿಡಿ ಕಾಫಿ ಬೀಜ, ಒಂದು ಕರಟ ತಂದಿಟ್ಟಳು.
ಸದ್ದು ಕೇಳಿದರೆ ಬೀಜ ಕರಟಕ್ಕೆ.
ಕೇಳದಿದ್ದರೆ ಕೈ ಮಡಿಲಿಗೆ.

ಬಾಯಿಗೆ ರಟ್ಟು ಮರೆ ಮಾಡಿ ಅಂದೆ
ಆ. ಬಿತ್ತು ಬೀಜ.
ಊ. ಬಿತ್ತು.
ಮ್. ಬಿತ್ತು.
ಈ. ಅಕ್ಕನ ಮುಖ ನೋಡಿ, ಬಿತ್ತು.
ಶ್. ಹತ್ತಿರ ಸರಿದು, ಇನ್ನೊಮ್ಮೆ ಗಟ್ಟಿಯಾಗಿ. ಬಿತ್ತು.
ಸ್.
ಸ್.
ಬೀಜ ಬೆರಳ ನಡುವೆ ಬೆವತಿತು, ಅಷ್ಟೆ.

ಅಕ್ಕನನ್ನು ಅವನು ಕರೆಯುವುದು ಓಮಿ ಎಂದು.
ಮುದ್ದಿಗೆ ಹಾಗಂತಾನೆ ಅಂದುಕೊಂಡಿತ್ತು ಮನೆ.
ಅವಳ ಹೆಸರಿನ ತಲೆ ಅವನಿಗೆ ಸಿಕ್ಕೇ ಇರಲಿಲ್ಲ.

ಮಾರ್ಚಿನಲ್ಲಿ ಯಂತ್ರ ಬಂತು, ಎರಡು ಕಿವಿಗೆರಡು.
ಮೈಬಣ್ಣದ್ದು ಎಂದು ಡಬ್ಬದ ಮೇಲೆ ಬರೆದಿತ್ತು,
ಯಾರ ಮೈ ಎಂದು ಬರೆದಿರಲಿಲ್ಲ.
ಫೋನಿನಲ್ಲಿ ಎಲ್ಲರೂ ನೋಡಿರುವ ಆ ಮಕ್ಕಳ ಹಾಗೆ
ಬೊಳಕ ನಗಲಿಲ್ಲ, ಅಮ್ಮನ ಕಡೆ ತಿರುಗಲಿಲ್ಲ.
ಗೋಣಿಚೀಲವನ್ನು ಉಗುರಿಂದ ಗೀಚಿದ.
ನಿಲ್ಲಿಸಿದ.
ಗೀಚಿದ.
ಮಧ್ಯಾಹ್ನದ ಬಸ್ಸು ತಪ್ಪುವವರೆಗೂ ಅದೇ.

ಆಮೇಲೆ ಕಕ್ಕಡ. ದಾರಿಗೆ ಮರ ಬಿತ್ತು, ಗುಡ್ಡ ಜಾರಿತು.
ನಾನು ಹೋಗುವಷ್ಟರಲ್ಲಿ ಲೈನ್ ಮನೆಯಲ್ಲಿ ಬೇರೆ ಯಾರೋ,
ಬೇರೆ ಭಾಷೆ, ಬೇರೆ ಬಟ್ಟೆ ಹಗ್ಗದ ಮೇಲೆ.
ನೂರಾ ಹದಿನೇಳನೆಯ ಮಗು: ಸಂಪರ್ಕಕ್ಕೆ ಸಿಕ್ಕಿಲ್ಲ.
ಹಾಗೆಂದು ಬರೆಯಲು ಒಂದು ಚೌಕವೇ ಇದೆ.

ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ, ತಿತಿಮತಿಯ ಹತ್ತಿರ,
ಆನೆ ಕಂದಕದ ಪಕ್ಕದ ಇನ್ನೊಂದು ತೋಟದಲ್ಲಿ.
ಬಿಸ್ಕೆಟ್ ಡಬ್ಬಿಯಲ್ಲಿ ಹುರಿದ ಅಕ್ಕಿ,
ಅಕ್ಕಿಯೊಳಗೆ ರಾತ್ರಿ ಮಲಗುತ್ತಿತ್ತಂತೆ ಯಂತ್ರ,
ಇಡೀ ಮಳೆಗಾಲದಲ್ಲಿ ಒಂದು ಹನಿ ತೇವ ತಾಗದೆ.
ಬೆಳಿಗ್ಗೆ ದಿನಾ ಚೋಮಿಯೇ ತೊಡಿಸುತ್ತಿದ್ದಳು.
ಬ್ಯಾಟರಿ ಸತ್ತದ್ದು ಜೂನ್ ಹನ್ನೊಂದಕ್ಕೆ.
ಹಾಕಬೇಕು ಅಂದಿದ್ರಲ್ಲ ನೀವು, ಅಂದಳು.

ಅಷ್ಟರಲ್ಲಿ ಅವನು ಹಿತ್ತಲಿನಿಂದ ಕೂಗಿದ: ಚೋಮಿ!
ಚ ಕೊಂಚ ಹೆಚ್ಚೇ ಆಗಿ, ಎಂಜಲು ಹಾರಿ.
ನಾನು ಪೆನ್ನು ಹುಡುಕಿದೆ.
ಅವಳು ಅಂಗೈ ಮೇಲೆ ಒಲೆಯ ಬೂದಿ ಹರವಿ ತೋರಿಸಿದಳು.
ಓಮಿ ಅಂದರೆ ಬೂದಿ ಕೂತೇ ಇರುತ್ತದೆ.
ಚೋಮಿ ಅಂದರೆ ಹಾರಬೇಕು.
ಹಾರದಿದ್ದರೆ ಆ ದಿನ ಸೈಕಲ್ ಟಯರ್ ಕೊಡುವುದಿಲ್ಲ.

ವರದಿಯಲ್ಲಿ ಬರೆದೆ: ಬಳಕೆಯ ಗಂಟೆ, ಸೊನ್ನೆ. ಪ್ರಗತಿ, ಇದೆ.
ಎರಡೂ ಒಟ್ಟಿಗೆ ಹೇಗೆ, ಎಂದಿತು ಗೈಡಿನ ಕೆಂಪು ಶಾಯಿ,
ಈ ಮಗುವನ್ನು ಬಿಡಿ.
ಬಿಟ್ಟೆ.
ನೂರಾ ಹದಿನೇಳು ಇಲ್ಲದೆ ಸರಾಸರಿ ಚೆಂದ ಕೂತಿತು.

ಹೊಸ ಬ್ಯಾಟರಿ ಹಾಕಿದ ದಿನವೂ ಕರಟದಲ್ಲಿ ಐದೇ ಬೀಜ.
ರಾತ್ರಿ ಲಾಡ್ಜಿನ ಕೋಣೆಯಲ್ಲಿ
ಊದುಬತ್ತಿಯ ಬೂದಿಯನ್ನು ಅಂಗೈಗೆ ಉದುರಿಸಿಕೊಂಡು
ನಾನೇ ಅಂದೆ: ಸ್.
ಕೂದಲೆಳೆಯಷ್ಟು ಸರಿಯಿತು, ಸರಿಯಲಿಲ್ಲವೇನೋ.
ಮುಂದಿನ ಸಲ ಚೋಮಿಗೆ ಹೇಳಬೇಕು,
ಈ ಅಕ್ಷರಕ್ಕೆ ಇನ್ನೂ ಸಣ್ಣ ಬೂದಿ ಬೇಕು,
ಬಟ್ಟೆಯಲ್ಲಿ ಸೋಸಿದ್ದು.